ಚಾವಡಿ ಮರೆತ ಸೀರಣಿಗೆ

ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯ ಬಾಲದಲ್ಲಿದ್ದ ಕಾಲ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ನಾನು ಅಲ್ಲಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದೆ. ಹೇಳುತ್ತಿದ್ದೆ ಎನ್ನುವುದು ನಿಜ. ಕೇಳುತ್ತಿದ್ದರು ಎಂದು ಪ್ರಮಾಣ ಮಾಡಲಾರೆ. ಎರೆಹುಳು, ಜಿರಲೆ, ಕಪ್ಪೆಗಳನ್ನೆಲ್ಲ ದಾಟಿ ವಾನರರ ಪಾಠಕ್ಕೆ ಬರುವ ಹೊತ್ತಿಗೆ ಬೇಸಿಗೆ ಬಂದು, ಹಿಂದಿನ ಬೆಂಚುಗಳು ಖಾಲಿಯಾಗಿ, ಉಳಿದವರು ಆಕಳಿಸುತ್ತಿದ್ದರು. ನನಗೆ ಮಾತ್ರ ಅದೇ ಪಾಠ ಇಷ್ಟ.

ಎರಡು ಕೋತಿಗಳು ಕೂತು ಒಂದರ ಮೈಯನ್ನು ಇನ್ನೊಂದು ಹೆಕ್ಕುವುದು ಬರೀ ಹೇನಿಗಲ್ಲ ಎಂದು ಹೇಳುತ್ತಿದ್ದೆ. ಅದು ಅವುಗಳ ಕುಶಲಪ್ರಶ್ನೆ. ಜಗಳವಾಡಿದವು ಸ್ವಲ್ಪ ಹೊತ್ತಿಗೇ ಹತ್ತಿರ ಸರಿದು ಕೂದಲು ಬಿಡಿಸುತ್ತವೆ, ರಾಜಿಯಾಯಿತು ಎಂದರ್ಥ. ಹೆಕ್ಕಿಸಿಕೊಳ್ಳುತ್ತ ಕೂತ ಕೋತಿಯ ಎದೆಬಡಿತ ಕೂಡ ನಿಧಾನವಾಗುತ್ತದೆ. ನಮ್ಮ ಪೂರ್ವಿಕರ ಗುಂಪು ದೊಡ್ಡದಾಗುತ್ತ ಹೋಗಿ, ಎಲ್ಲರ ತಲೆಗೂ ಕೈ ಸಾಲದಾದಾಗ, ಕೈಯ ಕೆಲಸವನ್ನು ಮಾತು ವಹಿಸಿಕೊಂಡಿತು ಎಂದು ಊಹಿಸುವವರೂ ಇದ್ದಾರೆ. ಆ ಪ್ರಕಾರ 'ಊಟ ಆಯ್ತಾ' ಎಂದು ಬೀದಿಯ ಆಚೆಯಿಂದ ಕೂಗುವುದು ದೂರದಿಂದಲೇ ಹೇನು ಹೆಕ್ಕುವ ಒಂದು ಸುಧಾರಿತ ವಿಧಾನ.

"ಸಾರ್, ಅಂಗಾರೆ ನೀವು ಈಗ ನಮ್ ತಲೆ ನೋಡ್ತಾ ಇದ್ದೀರಾ?" ಎಂದು ಒಬ್ಬ ಕೇಳಿದ.

"ನೋಡ್ತಾ ಇಲ್ಲ ಕಣ್ಲಾ, ತಿಂತಾವ್ರೆ," ಎಂದ ಪಕ್ಕದವನು.

ಆ ವರ್ಷದ ವಾನರರ ಪಾಠ ಅಲ್ಲಿಗೆ ಮುಗಿಯಿತು. ಆದರೆ ಅದೇ ವರ್ಷ ಅದೇ ಪಾಠವನ್ನು ಇನ್ನೊಂದು ಕಡೆ ನೋಡಬೇಕಾಗಿ ಬಂತು. ಇಷ್ಟು ಕಾಲ ಕಳೆದರೂ ಅದನ್ನು ನೆನೆದರೆ ನನಗೆ ಮೈ ಉರಿಯುತ್ತದೆ. ತಣ್ಣಗಾದ ಮೇಲೆ ಬರೆಯೋಣ ಎಂದು ಕಾದೆ. ತಣ್ಣಗಾಗುವ ಲಕ್ಷಣ ಕಾಣದ್ದರಿಂದ ಬಿಸಿಯಾಗಿಯೇ ಬರೆಯುತ್ತಿದ್ದೇನೆ.

ನನ್ನ ಚಿಕ್ಕಮ್ಮ, ಅಂದರೆ ಅವ್ವನ ತಂಗಿ, ಇದ್ದದ್ದು ಗುಂಡ್ಲುಪೇಟೆಯಿಂದ ಭೀಮನಬೀಡಿನ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತು ನಡುವೆ ಇಳಿಯಬೇಕಾದ ಒಂದು ಊರಿನಲ್ಲಿ. ಹೆಸರು ಹೇಳುವುದಿಲ್ಲ. ಆ ಊರಿನ ಹೆಸರು ಕೆಡಿಸುವ ಕೆಲಸವನ್ನು ಅಲ್ಲಿನ ಯಜಮಾನರು ಸಮರ್ಥವಾಗಿ ಮಾಡುತ್ತಿದ್ದಾಗ ನಾನು ಕೈ ಹಾಕುವುದು ಸರಿಯಲ್ಲ. ಚಿಕ್ಕಪ್ಪ ಈರುಳ್ಳಿ, ಬೀನ್ಸು ಬೆಳೆದು ಬೆಳಿಗ್ಗೆ ಗುಂಡ್ಲುಪೇಟೆ ಮಾರ್ಕೆಟ್ಟಿಗೆ ಹೋಗುವವನು. ಮಕ್ಕಳಿರಲಿಲ್ಲ. ಚಿಕ್ಕಮ್ಮನಿಗೆ ಇದ್ದದ್ದು ಒಂದು ಹಸು ಮತ್ತು ಪಕ್ಕದ ಮನೆಯಾಕೆ.

ಊಟವಾದ ಮೇಲೆ ಬಿಸಿಲು ಜಗಲಿಯಿಂದ ಇಳಿದಾಗ ಅವರಿಬ್ಬರೂ ಮೆಟ್ಟಿಲ ಮೇಲೊಬ್ಬಳು ಕೆಳಗೊಬ್ಬಳು ಕೂರುತ್ತಿದ್ದರು. ಮೇಲಿನವಳ ಕೈಯಲ್ಲಿ ಸೀರಣಿಗೆ, ಅಂದರೆ ಸೀರು ತೆಗೆಯುವ ಒತ್ತು ಹಲ್ಲಿನ ಮರದ ಹಣಿಗೆ. ಹೇನೊಂದು ಸಿಕ್ಕಿ ಎರಡು ಹೆಬ್ಬೆರಳ ಉಗುರಿನ ನಡುವೆ ಚಿಟ್ ಎಂದಾಗ ಮೇಲಿನವಳು 'ಇಸ್ಸ್' ಎಂದು ಉಸಿರೆಳೆಯಬೇಕು. ಅದಿಲ್ಲದೆ ಹೇನು ಸತ್ತಂತೆ ಲೆಕ್ಕವಿಲ್ಲ. ನಡುವೆ ಊರಿನ ಸಮಸ್ತ ವಿಚಾರಣೆಯೂ ನಡೆಯುತ್ತಿತ್ತು. ಎಷ್ಟೋ ಮಧ್ಯಾಹ್ನ ಒಂದು ಹೇನೂ ಸಿಗದೆ ವಿಚಾರಣೆ ಮಾತ್ರ ನಡೆದದ್ದಿದೆ. ಆಮೇಲೆ ಇಬ್ಬರೂ ಜಾಗ ಬದಲಾಯಿಸುತ್ತಿದ್ದರು.

"ತಲೇಲಿ ಒಂದೂ ಇಲ್ಲ ಬುಡಕ್ಕ. ಸುಮ್ನೆ ಯಾಕೆ ಕೂತಿದ್ದೀಯೆ?" ಎಂದು ಚಿಕ್ಕಮ್ಮ ರೇಗಿಸುವಳು.

"ಇಲ್ದಿದ್ರೆ ನಿನ್ ತಲೆಯಿಂದ ಎರಡು ಬುಡು. ನಾಳೀಕೆ ಕೆಲ್ಸ ಆದದೆ," ಎನ್ನುವಳು ಪಕ್ಕದ ಮನೆಯಾಕೆ.

ಆಕೆಗೆ ಒಬ್ಬಳೇ ಮಗಳು. ಆ ಹುಡುಗಿ ಓದಲು ಚಾಮರಾಜನಗರಕ್ಕೆ ಬಂದು, ಅಲ್ಲೇ ಬೇರೆ ಕುಲದ ಹುಡುಗನೊಬ್ಬನನ್ನು ಮದುವೆಯಾದಳು. ಕದ್ದು ಓಡಲಿಲ್ಲ, ರಿಜಿಸ್ಟರ್ ಮಾಡಿಸಿಕೊಂಡು ಮನೆಗೆ ಹೇಳಿಕಳಿಸಿದಳು. ಇದೇ ದೊಡ್ಡ ತಪ್ಪಾಯಿತು. ಕದ್ದು ಓಡಿದ್ದರೆ ಊರಿಗೆ ಗೊತ್ತಿಲ್ಲದಂತೆ ಇರಬಹುದಿತ್ತು ಎಂದು ಯಜಮಾನರೇ ನನಗೆ ಹೇಳಿದರು.

ಚಾವಡಿಯಲ್ಲಿ ಘನ ಸಭೆ ಸೇರಿತು. ಹುಡುಗಿ ಸತ್ತಳು ಎಂದು ತೀರ್ಮಾನವಾಯಿತು. ವೈದ್ಯರ ನೆರವಿಲ್ಲದೆ, ಹೆಣವಿಲ್ಲದೆ, ಸತ್ತವಳ ಗಮನಕ್ಕೂ ತಾರದೆ ಸಾವನ್ನು ನಿರ್ಣಯಿಸುವ ಶಕ್ತಿ ಆ ಚಾವಡಿಗಿತ್ತು. ಅಪ್ಪ ತಲೆ ಬೋಳಿಸಿಕೊಂಡ. ತಾಯಿ ಎಲ್ಲರೆದುರು ಎಳ್ಳುನೀರು ಬಿಟ್ಟಳು. ಬಿಡದಿದ್ದರೆ ಮನೆ ಕುಲದಿಂದ ಹೊರಗೆ. ತಿಥಿಯೂ ನಡೆಯಿತು. ವಡೆ, ಪಾಯಸ ಮಾಡಿದ್ದರು. ಆ ಹುಡುಗಿ ಅದೇ ಹೊತ್ತಿಗೆ ಚಾಮರಾಜನಗರದ ಸಂತೆಯಲ್ಲಿ ಸೊಪ್ಪು ಚೌಕಾಸಿ ಮಾಡುತ್ತಿದ್ದಳು. ಇತ್ತ ಊರೆಲ್ಲ ಅವಳ ಆತ್ಮಶಾಂತಿಗಾಗಿ ಎರಡನೇ ಸಲ ಪಾಯಸ ಬಡಿಸಿಕೊಂಡಿತು.

ವರ್ಷ ತುಂಬುವುದರೊಳಗೆ ಸತ್ತವಳಿಗೆ ಹೆರಿಗೆಯಾಯಿತು. ಆಸ್ಪತ್ರೆಯಲ್ಲಿ ಅವಳ ಕಡೆಯವರು ಯಾರೂ ಇಲ್ಲ. ಗಂಡನಿಗೂ ತಾಯಿಯಿರಲಿಲ್ಲ. ಹೆಂಡತಿ ಹೇಳಿದ ಗುರುತಿನ ಮೇಲೆ ಅವನು ನನ್ನ ಮನೆ ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತು, "ಸಾರ್, ಬಿಸಿನೀರು ಎಷ್ಟು ಬಿಸಿ ಇರ್ಬೇಕು ಅನ್ನೋದೂ ನಂಗೆ ಗೊತ್ತಿಲ್ಲ," ಎಂದ. ನನಗೂ ಗೊತ್ತಿರಲಿಲ್ಲ. ಚಿಕ್ಕಮ್ಮನಿಗೆ ಸುದ್ದಿ ಮುಟ್ಟಿಸಿದೆ.

ಚಿಕ್ಕಮ್ಮ ಮೊದಲ ಬಸ್ಸಿಗೆ ಗುಂಡ್ಲುಪೇಟೆಗೆ, ಅಲ್ಲಿಂದ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಬಂದಳು. ಸೆರಗಿನೊಳಗೆ ಬಾಣಂತಿ ಖಾರದ ಡಬ್ಬ, ಹರಳೆಣ್ಣೆ, ಸೀರಣಿಗೆ. ಆಸ್ಪತ್ರೆಯ ಮಂಚದ ಮೇಲೆ ಜಡೆಗಟ್ಟಿದ ತಲೆಯ ಆ ಹುಡುಗಿಯನ್ನು ಕೂರಿಸಿ, ಎಣ್ಣೆ ಒತ್ತಿ, ಸಿಕ್ಕು ಬಿಡಿಸಿ, ಬಾಚಿ, ಹೆಣೆದಳು. ಹುಡುಗಿ ಅಳುವುದಕ್ಕೂ ಹೊತ್ತು ಕೊಡಲಿಲ್ಲ. "ತಲೆ ಅಲ್ಲಾಡಿಸ್ಬ್ಯಾಡ ಕಣಮ್ಮಿ, ಸಿಕ್ಕು ಎಳ್ದದೆ," ಎಂದು ಗದರಿದಳು. ಆಚೆ ಹಾಸಿಗೆಯಲ್ಲಿ ಊರಿನವರೊಬ್ಬರ ನೆಂಟರಿದ್ದರು. ಸುದ್ದಿ ಚಿಕ್ಕಮ್ಮನಿಗಿಂತ ಮೊದಲು ಊರು ಸೇರಿತು.

ಸತ್ತವಳ ತಲೆ ಬಾಚಿದ ಅಪರಾಧಕ್ಕೆ ಚಾವಡಿ ಶಿಕ್ಷೆ ವಿಧಿಸಿತು. ಚಿಕ್ಕಮ್ಮನ ಮನೆಯವರ ಜೊತೆ ಯಾರೂ ಮಾತಾಡಕೂಡದು. ನೀರು, ಬೆಂಕಿ, ಅಂಗಡಿ ಸಾಮಾನು ಕೊಡಕೂಡದು. ಕೂಲಿಗೆ ಹೋಗಕೂಡದು. ಮಾತಾಡಿದವರಿಗೂ ಅದೇ ಗತಿ. ಬಿಡುಗಡೆಯ ದಾರಿಯೂ ಒಂದಿತ್ತು. ಚಿಕ್ಕಮ್ಮ ಚಾವಡಿಗೆ ಬಂದು ಅಡ್ಡಬಿದ್ದು, ಆ ಹುಡುಗಿಯ ಹೆಸರಿಗೆ ತಾನೂ ಎಳ್ಳುನೀರು ಬಿಡಬೇಕು.

ನಾನು ಹೋದಾಗ ಅವಳು ಹಸುವಿನ ಮುಂದೆ ಕೂತಿದ್ದಳು.

"ಎಣ್ಣೆ ಒತ್ತಿದ ಕೈಲೆ ಎಳ್ಳುನೀರು ಬುಟ್ಟಾರಾ ಮಗ?" ಎಂದಳು. "ಕೂಸು ನನ್ ಬೆಳ್ಳ ಹಿಡ್ಕಂಡಿತ್ತು ಕಣ. ಬುಡಾಕಿಲ್ಲ ನಾನು."

ಚಿಕ್ಕಪ್ಪನಿಗೆ ಅಷ್ಟು ತಾಪವಿರಲಿಲ್ಲ. ಅವನಿಗೆ ಮಾರ್ಕೆಟ್ಟಿತ್ತು. "ಊರೋರು ಮಾತಾಡ್ದಿದ್ರೆ ಏನ್ಲಾ? ಕೇರಳದ ಲಾರಿಯೋರು ಬೆಳಗಾನ ಮಾತಾಡ್ತರೆ," ಎಂದ. "ಅರ್ಥ ಆಗಾಕಿಲ್ಲ, ಅಷ್ಟೇಯ. ಊರೋರು ಮಾತಾಡ್ವಾಗ ಅರ್ಥ ಆಗಿ ಏನ್ ಸುಖ ಪಟ್ಟಿದ್ದೆ?"

ಚಿಕ್ಕಮ್ಮನಿಗೆ ಲಾರಿಗಳಿರಲಿಲ್ಲ. ಬೆಳಿಗ್ಗೆ ನೀರಿಗೆ ಹೋದರೆ ನಲ್ಲಿಯ ಸುತ್ತ ಹೆಂಗಸರು ಸರಿದು ದಾರಿ ಬಿಡುತ್ತಿದ್ದರು. ದೇವರಿಗೂ ಅಷ್ಟು ಜಾಗ ಬಿಟ್ಟವರಲ್ಲ. ಎಲ್ಲರಿಗಿಂತ ಹೆಚ್ಚು ಹೆದರಿದ್ದವಳು ಪಕ್ಕದ ಮನೆಯಾಕೆ. ಮೊದಲೇ ಕಳಂಕ ಹತ್ತಿದ ಮನೆ. ಅವಳ ಗಂಡ ಬಾಗಿಲಲ್ಲೇ ಕಾವಲು ಕೂರುತ್ತಿದ್ದ. ತನ್ನ ಮಗಳ ಬಾಣಂತನ ಮಾಡಿ ಬಂದವಳು ಬೇಲಿಯಾಚೆ ಇದ್ದರೂ, ಮಗು ಗಂಡೋ ಹೆಣ್ಣೋ ಎಂದು ಕೇಳಲು ಆ ಅಜ್ಜಿಗೆ ಅಪ್ಪಣೆಯಿರಲಿಲ್ಲ.

ವಾರಗಳು ಕಳೆದಂತೆ ಚಿಕ್ಕಮ್ಮ ಇಳಿದುಹೋದಳು. ಒಲೆ ಹಚ್ಚುವುದು ಮರೆಯುವಳು. ತಲೆ ಬಾಚುವುದು ಬಿಟ್ಟಳು. ಒಂದು ಭಾನುವಾರ, "ಬುಟ್ಬುಡ್ಲಾ ಮಗ, ಎಳ್ಳುನೀರ? ನೀರು ತಾನೆ. ಅಲ್ಲಿ ಅದು ಚೆಂದಾಗೇ ಇರ್ತದೆ," ಎಂದು ಮೆಲ್ಲಗೆ ಕೇಳಿದಳು. ಬೇಡ ಎನ್ನುವ ಹಕ್ಕು ನನಗೆಲ್ಲಿಯದು? ನನಗೆ ಮಾತಾಡಲು ಇಡೀ ಚಾಮರಾಜನಗರವಿತ್ತು.

ಸಿಟ್ಟು ತಡೆಯದೆ ಯಜಮಾನರ ಮನೆಗೆ ಹೋದೆ. ಅವರು ನನ್ನನ್ನು ಆದರದಿಂದ ಕೂರಿಸಿ, ಮಜ್ಜಿಗೆ ಕೊಡಿಸಿ, ಅತ್ಯಂತ ಸಾತ್ವಿಕವಾಗಿ ಕೇಳಿದರು:

"ಮೇಷ್ಟ್ರೇ, ನಾವು ಒಡುದ್ವಾ? ಬೈದ್ವಾ? ಸುಮ್ಕಿದ್ದೀವಿ ಅಷ್ಟೇ. ಸುಮ್ಕಿರಾದು ತಪ್ಪಾ?"

"ಜೀವಂತ ಹುಡುಗಿಗೆ ತಿಥಿ ಮಾಡೋದು?"

"ಅದು ಸಂಪ್ರದಾಯ ಕಣ್ರೀ. ನಮ್ಗೂ ಸಂಕ್ಟ ಆಯ್ತದೆ. ಪಾಯ್ಸ ಗಂಟ್ಲಲ್ಲಿ ಇಳೀನಿಲ್ಲ ಆವತ್ತು."

ಪೊಲೀಸ್ ಠಾಣೆಗೂ ಹೋದೆ. ಅಲ್ಲಿನ ದಫೇದಾರರು ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿದರು. "ಯಾರು ಯಾರಿಗೆ ಹೊಡೆದರು ಹೇಳಿ ಸಾರ್, ಬರ್ಕೋತೀನಿ. ಮಾತಾಡ್ಲಿಲ್ಲ ಅಂತ ಹೆಂಗೆ ಬರ್ಕೊಳ್ಳಿ? ನನ್ನ ಹೆಂಡ್ತೀನೇ ಮಾತಾಡಿ ತಿಂಗಳಾಯ್ತು."

ಹೀಗೆ ಸರ್ಕಾರವೂ ಸಂಪ್ರದಾಯವೂ ಮಜ್ಜಿಗೆ ಕುಡಿಸಿ ಕಳಿಸಿದವು. ಕಾಲೇಜಿಗೆ ಮರಳಿ ವಾನರರ ಪಾಠದ ಪುಟ ತೆರೆದರೆ ನಾಚಿಕೆಯಾಗುತ್ತಿತ್ತು. ವಾನರರ ಪರವಾಗಿ ಅಲ್ಲ. ಕೋತಿಗಳು ಸಾಧುಗಳೆಂದು ನಾನು ಹೇಳುವುದಿಲ್ಲ. ಕಚ್ಚುತ್ತವೆ, ಕಿತ್ತು ತಿನ್ನುತ್ತವೆ, ಬಡಪಾಯಿಯನ್ನು ಕಂಡರೆ ಅಟ್ಟಾಡಿಸುತ್ತವೆ. ಆದರೆ ಸಿಟ್ಟು ಇಳಿದ ಮೇಲೆ ಒಂದು ಬಂದು ಇನ್ನೊಂದರ ಬೆನ್ನು ಹೆಕ್ಕುತ್ತದೆ. ಸಿಟ್ಟೇ ಇಲ್ಲದೆ, ಎಲೆಯಡಿಕೆ ಹಾಕಿಕೊಂಡು, ವಂದನಾರ್ಪಣೆ ಸಹಿತ ಸಭೆ ನಡೆಸಿ, ಗುಂಪಿನ ಒಂದು ಜೀವವನ್ನು ಇನ್ನು ಮೇಲೆ ಯಾರೂ ಮುಟ್ಟಕೂಡದು ಎಂದು ಠರಾವು ಮಾಡುವಷ್ಟು ವಿಕಾಸವನ್ನು ಅವು ಇನ್ನೂ ಹೊಂದಿಲ್ಲ.

ಆಗಲೇ ಒಂದು ಕೋತಿ ಸತ್ತಿತು.

ಊರ ಹಿಂದಿನ ಹುಣಸೆಮರದಲ್ಲಿ ಒಂದು ಹಿಂಡಿತ್ತು. ಅದರಲ್ಲೊಂದು ಕರೆಂಟು ತಂತಿ ಹಿಡಿದು ಸುಟ್ಟು, ಚಿಕ್ಕಮ್ಮನ ಹಿತ್ತಲಿಗೆ ಬಿತ್ತು. ಅದು ಭಾನುವಾರವಾದ್ದರಿಂದ ನಾನು ಅಲ್ಲೇ ಇದ್ದೆ. ನಮ್ಮ ಕಡೆ ಕೋತಿ ಸತ್ತರೆ ಆಂಜನೇಯ ಸತ್ತಂತೆ. ಯಾರ ಹಿತ್ತಲಲ್ಲಿ ಬಿತ್ತೋ ಆ ಮನೆಯವರು ಹೊಸ ಬಟ್ಟೆ ಹೊದಿಸಬೇಕು, ಊರೆಲ್ಲ ಬಂದು ಹೆಗಲು ಕೊಡಬೇಕು, ಆ ಮನೆಯಲ್ಲೇ ಭಜನೆಯಾಗಬೇಕು. ಚಿಕ್ಕಮ್ಮ ಎದ್ದು ಮುಖ ತೊಳೆದು, ಪೆಟ್ಟಿಗೆಯಿಂದ ಹೊಸ ಟವಲು ತೆಗೆದು ಕಾದಳು. ಆಂಜನೇಯನೇ ನ್ಯಾಯ ಹೇಳಲು ತನ್ನ ಹಿತ್ತಲಿಗೆ ಬಂದಿದ್ದಾನೆ ಎಂಬ ಕಳೆ ಅವಳ ಮುಖದಲ್ಲಿತ್ತು.

ಊರೂ ಬಂತು. ಬೇಲಿಯಾಚೆ ಪಕ್ಕದ ಮನೆಯ ಹಿತ್ತಲಲ್ಲಿ ನಿಂತಿತು. ಯಜಮಾನರು ಗಂಟಲು ಸರಿಮಾಡಿಕೊಂಡರು.

"ಆ ಮನೆ ಒಳೀಕೆ ಓಗಂಗಿಲ್ಲ," ಎಂದರು.

"ದೇವ್ರ ಹೆಣ ಬುಡಂಗೂ ಇಲ್ವಲ್ಲ," ಎಂದನೊಬ್ಬ.

"ದೇವ್ರು ನೋಡ್ಕಂಡು ಬೀಳ್ಬಾರ್ದಾ?" ಎಂದನು ಇನ್ನೊಬ್ಬ.

ಕೊನೆಗೆ ಉಪಾಯ ಹೊಳೆಯಿತು. ತೆಂಗಿನಕಾಯಿ ಕೀಳುವ ಉದ್ದನೆಯ ದೋಟಿ ತಂದರು. ಯಾರೂ ಬೇಲಿ ದಾಟದೆ, ಚಿಕ್ಕಮ್ಮನ ಮಣ್ಣು ಮೆಟ್ಟದೆ, ಸತ್ತ ಆಂಜನೇಯನ ಸೊಂಟಕ್ಕೆ ದೋಟಿಯ ಕೊಕ್ಕೆ ಸಿಕ್ಕಿಸಿ ಎಳೆದರು. ಬೇಲಿಯ ಮುಳ್ಳಿಗೆ ಸಿಕ್ಕಿ ಒಂದು ಕೈ ಮೇಲೆದ್ದು ನಿಂತಿತು. ಮತ್ತೆ ಎಳೆದರು. ಹೆಣ ಆಚೆ ಬಿದ್ದ ಕ್ಷಣದಲ್ಲಿ, ಅದು ಪಕ್ಕದ ಮನೆಯ ಹಿತ್ತಲಲ್ಲೇ ಸತ್ತಿತ್ತು ಎಂದು ತೀರ್ಮಾನವಾಯಿತು. ಸಾವಿನ ವಿಷಯದಲ್ಲಿ ಆ ಚಾವಡಿಗೆ ಅನುಭವವಿತ್ತಲ್ಲ.

ಆಮೇಲೆ ಏನು ಭಕ್ತಿ! ಕುರ್ಚಿಯಲ್ಲಿ ಕೂರಿಸಿ ವಿಭೂತಿ ಬಳಿದರು, ಚೆಂಡುಹೂವಿನ ಹಾರ ಹಾಕಿದರು. ತಮಟೆ ಬಂತು. ಹೆಂಗಸರು ಅತ್ತರು. ಜೀವಂತ ಹೆಂಗಸಿಗೆ ಒಂದು ಮಾತು ಕೊಡದ ಊರು ಸತ್ತ ಕೋತಿಯ ಕಿವಿಯಲ್ಲಿ ರಾಮನಾಮ ಹೇಳಿತು. ಮೆರವಣಿಗೆ ಬೀದಿ ತಿರುಗುವವರೆಗೂ ಚಿಕ್ಕಮ್ಮ ಟವಲು ಹಿಡಿದು ನಿಂತೇ ಇದ್ದಳು. ಒಳಗೆ ಬಂದವಳು, "ಎಳ್ಳು ಎಲ್ಲಿಟ್ಟೆ?" ಎಂದು ಡಬ್ಬ ಹುಡುಕತೊಡಗಿದಳು. "ನಾಳೀಕೆ ಓಗಿ ಬುಟ್ಬತ್ತೀನಿ. ದೇವ್ರೇ ನನ್ನ ಮನೇಲಿ ಸಾಯ್ನಿಲ್ಲ ಅಂದ್ಮೇಲೆ..."

ಎಳ್ಳು ಸಿಕ್ಕಿತು. ಪೊಟ್ಟಣ ಕಟ್ಟಿ ಗೂಡಿನಲ್ಲಿಟ್ಟಳು. ನಾನು ಬಡಬಡಿಸಿದ ಸಮಾಧಾನದಿಂದ ಏನೂ ಆಗಲಿಲ್ಲ. ಮರುದಿನಕ್ಕೆ ರಜೆ ಹೇಳಿ ಅಲ್ಲೇ ಉಳಿದೆ.

ಮರುದಿನ ಬೆಳಿಗ್ಗೆ ಚಿಕ್ಕಪ್ಪನ ಕೈಲಿ ಚಾವಡಿಗೆ ಹೇಳಿಕಳಿಸಿದರೆ, ಯಜಮಾನರು ಗುಂಡ್ಲುಪೇಟೆಗೆ ಹೋಗಿದ್ದಾರೆ, ಸಂಜೆ ಸಭೆ ಎಂದು ಅಲ್ಲಿದ್ದವರು ಗೋಡೆ ನೋಡಿಕೊಂಡು ಉತ್ತರ ಹೇಳಿದರು. ಮಧ್ಯಾಹ್ನ ನಾವು ಜಗಲಿಯಲ್ಲಿ ಕೂತಿದ್ದೆವು. ಬೇಲಿಯ ಕಂಬದ ಮೇಲೆ ಹಿಂದಿನ ದಿನದಿಂದ ಒಂದು ಹೆಣ್ಣು ಕೋತಿ ಕೂತಿತ್ತು. ಹಿಂಡು ಹುಣಸೆಗೆ ಮರಳಿದ್ದರೂ ಅದು ಹೋಗಿರಲಿಲ್ಲ. ಹಾಕಿದ ಕಡಲೆಕಾಯಿ ಮುಟ್ಟಿರಲಿಲ್ಲ. ಸತ್ತದ್ದು ಅದಕ್ಕೆ ಏನಾಗಬೇಕಿತ್ತೋ ನಾನು ಹೇಳಲಾರೆ. ಸ್ವಲ್ಪ ಹೊತ್ತಿಗೆ ಮರದಿಂದ ಇನ್ನೊಂದು ಮುದಿ ಹೆಣ್ಣು ಇಳಿದು ಬಂತು. ಮುಖ ನೋಡಲಿಲ್ಲ, ಸದ್ದು ಮಾಡಲಿಲ್ಲ. ಹಿಂದೆ ಕೂತು, ಬೆನ್ನಿನ ಕೂದಲು ಬಿಡಿಸತೊಡಗಿತು. ಕಂಬದ ಮೇಲಿನದು ತಲೆ ತಗ್ಗಿಸಿತು.

ಬೇಲಿಯ ಈಚೆಯಿಂದ ಚಿಕ್ಕಮ್ಮ ನೋಡುತ್ತಿದ್ದಳು. ಆಚೆಯಿಂದ ಪಕ್ಕದ ಮನೆಯಾಕೆಯೂ ನೋಡುತ್ತಿದ್ದಳು. ಬಾಗಿಲಲ್ಲಿ ಅವಳ ಗಂಡ ಇದ್ದ. ಅವಳು ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಸೀರಣಿಗೆ ಇತ್ತು.

"ಎಲ್ಲಿಗಮ್ಮಿ?" ಎಂದ ಗಂಡ.

ಆಕೆ ಹಾಡುಹಗಲಲ್ಲಿ ಬೀದಿಯ ಮೇಲೇ ನಡೆದು, ನಮ್ಮ ಮೆಟ್ಟಿಲು ಹತ್ತಿ, ಚಿಕ್ಕಮ್ಮನ ಹಿಂದೆ ಮೇಲಿನ ಮೆಟ್ಟಿಲಲ್ಲಿ ಕೂತು, ಅವಳ ತಲೆಯನ್ನು ತನ್ನ ಮಂಡಿಯ ನಡುವೆ ಎಳೆದುಕೊಂಡಳು. ತುಟಿ ಬಿಗಿದಿತ್ತು. ಚಾವಡಿ ಮಾತು ಬೇಡವೆಂದಿತ್ತು, ಮಾತಾಡಲಿಲ್ಲ. ನೀರು ಬೆಂಕಿ ಬೇಡವೆಂದಿತ್ತು, ಕೊಡಲಿಲ್ಲ. ತಲೆ ನೋಡಬಾರದು ಎಂದು ಹೇಳಲು ಆ ಮೀಸೆಗಳಿಗೆ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಅವರ ತಲೆಯನ್ನು ಕ್ಷೌರದವನ ಹೊರತು ಯಾರು ಮುಟ್ಟಿದ್ದರು?

ಚಿಕ್ಕಮ್ಮ ಮೊದಲು ನಡುಗಿದಳು. ಆಮೇಲೆ ಹೆಗಲು ಇಳಿಯಿತು. ಆಮೇಲೆ, ಯಾರಿಗೂ ಅಲ್ಲದಂತೆ, ಬೀದಿಯ ಕಡೆ ನೋಡುತ್ತ ಹೇಳತೊಡಗಿದಳು. ಅವಳ ಬಾಯಿಗೆ ನಿಷೇಧವಿರಲಿಲ್ಲವಲ್ಲ. ಉಳಿದವರ ಬಾಯಿಗೆ ಮಾತ್ರ.

"ಹೆಣ್ಣು ಕೂಸು."

'ಇಸ್ಸ್' ಎಂದಿತು ಹಿಂದಿನಿಂದ.

"ತಲೆ ತುಂಬ ಕೂದ್ಲು. ಅಜ್ಜಿ ತರನೇ."

'ಇಸ್ಸ್.'

"ಹಾಲು ಚೆಂದಾಗಿ ಕುಡ್ದದೆ. ನಗ್ತದೆ. ಅಳಾದು ಅವ್ರಪ್ಪನ್ನ ಕಂಡ್ರೆ ಮಾತ್ರ."

ಪಕ್ಕದ ಮನೆಯಾಕೆಯ ಕಣ್ಣೀರು ಚಿಕ್ಕಮ್ಮನ ಬೈತಲೆಯ ಮೇಲೆ ಬೀಳುತ್ತಿತ್ತು. ಉಗುರಿನ ನಡುವೆ ಏನೂ ಇರಲಿಲ್ಲ. ಇದ್ದಂತೆ ಒತ್ತಿ ಮತ್ತೆ 'ಇಸ್ಸ್' ಎಂದಳು.

ಸಂಜೆ ಸಭೆ ಸೇರಿತು. ಎಳ್ಳುನೀರಿಗೆಂದು ಕರೆದ ಸಭೆ ಪಕ್ಕದ ಮನೆಯಾಕೆಯ ವಿಚಾರಣೆಗೆ ತಿರುಗಿತು.

"ಮಾತಾಡುದ್ಯಾ?" ಎಂದರು ಯಜಮಾನರು.

"ಇಲ್ಲ."

"ಮತ್ತೆ ಏನ್ ಮಾಡ್ದೆ?"

"ತಲೆ ನೋಡ್ದೆ."

"ಇಸ್ಸ್ ಅಂದ್ಲು, ನಾನೇ ಕೇಳ್ದೆ!" ಎಂದನು ಎದುರು ಮನೆಯವನು.

ಇಸ್ಸ್ ಎಂಬುದು ಮಾತೋ ಅಲ್ಲವೋ ಎಂಬ ಬಗ್ಗೆ ಗಂಭೀರ ಚರ್ಚೆ ನಡೆಯಿತು. ಮಾತು ಎನ್ನುವುದಾದರೆ ಮೆಣಸಿನಕಾಯಿ ಕಚ್ಚಿದವನೂ ಭಾಷಣ ಮಾಡಿದಂತಾಯಿತು ಎಂದು ಒಬ್ಬ ಹಿರಿಯರು ವಾದಿಸಿದರು. ಕೈಯಿಂದ ಆಡಿದ್ದೂ ಮಾತೇ ಎಂದನು ಇನ್ನೊಬ್ಬ. ಹಾಗಾದರೆ ಕೈಮುಗಿಯುವುದೂ ಮಾತು, ಚಾವಡಿಗೆ ಬಂದವರು ಕೈಮುಗಿಯುವಂತಿಲ್ಲ ಎಂದಾಗ ಯಜಮಾನರಿಗೆ ಇರುಸುಮುರುಸಾಯಿತು. ವಿಷಯವನ್ನು ಮುಂದಿನ ಸಭೆಗೆ ಇಟ್ಟರು. ಮುಂದಿನ ಸಭೆಗೆ ಮುಂಚೆಯೇ ನಲ್ಲಿಯ ಹತ್ತಿರದ ಇಬ್ಬರು ಹೆಂಗಸರಿಗೂ ತಲೆ ಕಡಿತ ಶುರುವಾಗಿ, ಬಾಯಿ ಬಿಗಿದುಕೊಂಡು ಬಂದು ಚಿಕ್ಕಮ್ಮನ ಮೆಟ್ಟಿಲಲ್ಲಿ ಕೂತರು.

ಗೂಡಿನ ಎಳ್ಳಿಗೆ ಹುಳ ಹತ್ತಿತು. ಚಿಕ್ಕಮ್ಮ ಅದನ್ನು ಹಿತ್ತಲಿಗೆ ಎಸೆದಳು.

ಆಮೇಲೆ ಒಂದು ದಿನ ಚಿಕ್ಕಮ್ಮನೂ ಪಕ್ಕದ ಮನೆಯಾಕೆಯೂ ಚಾಮರಾಜನಗರಕ್ಕೆ ಬಂದರು. ಬಸ್ಸಿನ ಒಂದೇ ಸೀಟಿನಲ್ಲಿ ಕೂತು, ಗುಂಡ್ಲುಪೇಟೆಯಲ್ಲಿ ಇಳಿದು ಹತ್ತಿ ಬಂದರೂ, ದಾರಿಯುದ್ದಕ್ಕೂ ಪಕ್ಕದ ಮನೆಯಾಕೆ ಒಂದು ಮಾತನ್ನೂ ಆಡಿರಲಿಲ್ಲ. ಊರಿನವರು ಯಾರಾದರೂ ಕಂಡರೆ ಎಂದು. ಸತ್ತ ಹುಡುಗಿಯ ಮನೆಗೆ ನಾನೇ ಕರೆದುಕೊಂಡು ಹೋದೆ. ಮಗಳು ಬಾಗಿಲು ತೆರೆದು ಕಲ್ಲಾಗಿ ನಿಂತಳು. ತಾಯಿ ಅವಳ ಭುಜ ಹಿಡಿದು ಹೊಸ್ತಿಲ ಮೇಲೆ ಕೂರಿಸಿ, ಹಿಂದೆ ಕೂತು, ಜಡೆ ಬಿಚ್ಚಿದಳು. ಬಹಳ ಹೊತ್ತು ಬರೀ ಬೆರಳು ಆಡಿತು. ಆಮೇಲೆ ಕಟ್ಟೆ ಒಡೆಯಿತು.

"ಏನಮ್ಮಿ ಇದು ತಲೆ? ಎಣ್ಣೆ ಕಂಡು ಎಷ್ಟು ದಿನಾಯ್ತು? ಕೂಸು ಹೆತ್ತೋಳು ಅಂತ ನಾಚ್ಕೆ ಬ್ಯಾಡ್ವಾ ನಿಂಗೆ?"

ಚಾವಡಿ ಆ ನಿಷೇಧವನ್ನು ಇಂದಿಗೂ ಹಿಂತೆಗೆದಿಲ್ಲ. ಯಾರೂ ಚಿಕ್ಕಮ್ಮನಿಗೆ ತಪ್ಪಾಯಿತು ಎಂದಿಲ್ಲ. ಕೋತಿಯನ್ನು ಹೂತ ಜಾಗದಲ್ಲಿ ಗುಡಿಯೆದ್ದಿದೆ, ಶನಿವಾರ ಹಣ್ಣುಕಾಯಿ ನಡೆಯುತ್ತದೆ. ಆ ಹುಡುಗಿ ಮಾತ್ರ ಊರಿನ ಪ್ರಕಾರ ಇನ್ನೂ ಸತ್ತೇ ಇದ್ದಾಳೆ. ನಾನು ಚಾಮರಾಜನಗರದಲ್ಲಿದ್ದಷ್ಟು ಕಾಲವೂ ಅವಳ ತಾಯಿ ತಿಂಗಳಿಗೊಮ್ಮೆ ಬಂದು, ಆ ಸತ್ತ ತಲೆಗೆ ಎಣ್ಣೆ ಒತ್ತಿ, ಬೈದು ಹೋಗುತ್ತಿದ್ದಳು.